ಸಲಹೆಗಾರರಿಗೆ ಕೊಟ್ಟ ಹಣದ ಲೆಕ್ಕ ನೋಡುವುದು ಹೇಗೆ: ಮೈಸೂರು, ಮಂಡ್ಯದ ಓದುಗರಿಗೆ ಸಮಗ್ರ ಮಾರ್ಗದರ್ಶಿ

ಒಂದು ರಸ್ತೆಗೆ ಎಷ್ಟು ಖರ್ಚಾಯಿತು ಎಂದು ಕೇಳುವವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅದೇ ರಸ್ತೆಯ ಯೋಜನಾ ವರದಿ ಬರೆದವರಿಗೆ, ಕಾಮಗಾರಿಯ ಮೇಲ್ವಿಚಾರಣೆ ಮಾಡಿದವರಿಗೆ, ಅದಕ್ಕಾಗಿ ನಡೆದ ಭೂಸ್ವಾಧೀನದ ಮೊಕದ್ದಮೆಯಲ್ಲಿ ವಾದಿಸಿದ ವಕೀಲರಿಗೆ ಎಷ್ಟು ಸಂದಾಯವಾಯಿತು ಎಂದು ಕೇಳುವವರು ವಿರಳ. ರಸ್ತೆಯಲ್ಲಿ ಗುಂಡಿ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ವರದಿಯಲ್ಲಿ ಬಿದ್ದ ಗುಂಡಿ ಕಡತದ ಒಳಗೇ ಉಳಿದುಬಿಡುತ್ತದೆ.

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳ ಸದಸ್ಯರು, ವಾರ್ಡ್ ಸಮಿತಿಯವರು, ಮಾಹಿತಿ ಹಕ್ಕಿನ ಅರ್ಜಿ ಹಾಕುವ ಅಭ್ಯಾಸವಿರುವ ನಾಗರಿಕರು ಮತ್ತು ಹೊಸದಾಗಿ ಲೆಕ್ಕ ಶಾಖೆಗೆ ಬಂದ ನೌಕರರು ಇಂಥ ವೃತ್ತಿಪರ ಶುಲ್ಕದ ಜಾಡನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಹಿಡಿಯಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಶುಲ್ಕ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಎರಡನೆಯ ಪ್ರಶ್ನೆ. ಹಣ ಕೊಟ್ಟು ಪಡೆದ ಕೆಲಸ ಎಲ್ಲಿದೆ, ಅದನ್ನು ಪರಿಶೀಲಿಸಿ ಒಪ್ಪಿಕೊಂಡವರು ಯಾರು, ಯಾವ ತೀರ್ಮಾನಕ್ಕೆ ಅದು ಬಳಕೆಯಾಯಿತು ಎಂಬುದೇ ಮೊದಲ ಪ್ರಶ್ನೆ. ಈ ಕ್ರಮವನ್ನು ತಿರುಗಿಸಿ, ಮೊತ್ತವನ್ನೇ ಮುಂದಿಟ್ಟುಕೊಂಡು ಹೊರಟವರಿಗೆ ಪತ್ರಿಕೆಯಲ್ಲಿ ಒಂದು ತಲೆಬರಹ ಸಿಗಬಹುದೇ ಹೊರತು ವೆಚ್ಚ ನಿಯಂತ್ರಣ ಸಾಧ್ಯವಾಗುವುದಿಲ್ಲ.

ಮೊದಲ ಹೆಜ್ಜೆ: ಹುಡುಕುವ ಖರ್ಚು ಯಾವುದೆಂದು ಗೊತ್ತುಮಾಡಿಕೊಳ್ಳಿ

ವಿಸ್ತೃತ ಯೋಜನಾ ವರದಿ ಅಂದರೆ ಡಿಪಿಆರ್ ತಯಾರಿಸುವ ಸಂಸ್ಥೆಯ ಶುಲ್ಕ, ಯೋಜನಾ ನಿರ್ವಹಣಾ ಸಲಹೆಗಾರರ ಶುಲ್ಕ, ಕಾಮಗಾರಿಯ ಗುಣಮಟ್ಟ ನೋಡುವ ಥರ್ಡ್ ಪಾರ್ಟಿ ತಪಾಸಣೆಯ ಶುಲ್ಕ, ವಾಸ್ತುಶಿಲ್ಪಿಗಳು, ಲೆಕ್ಕಪರಿಶೋಧಕರು, ವಕೀಲರು, ತಂತ್ರಾಂಶ ಸಲಹೆಗಾರರು: ಇವೆಲ್ಲವೂ ವೃತ್ತಿಪರ ಶುಲ್ಕದ ಅಡಿಯಲ್ಲಿ ಬರುತ್ತವೆ. ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರುಗಳು, ವಾಹನ ಚಾಲಕರು, ನೀರು ಬಿಡುವವರು ಇದರೊಳಗೆ ಸೇರುವುದಿಲ್ಲ; ಅದು ಮಾನವ ಸಂಪನ್ಮೂಲ ಪೂರೈಕೆ, ಅದರ ನಿಯಮಗಳೇ ಬೇರೆ. ಆದರೂ ಸಲಹಾ ಸೇವೆಯ ಹೆಸರಿನ ಕರಾರಿನೊಳಗೆ ಗುಮಾಸ್ತರ ಕೆಲಸ ಮಾಡುವವರನ್ನು ತಜ್ಞರ ದರದಲ್ಲಿ ಕೂರಿಸಿಕೊಳ್ಳುವ ಪದ್ಧತಿಯೂ ಉಂಟಾದ್ದರಿಂದ, ಕರಾರಿನಲ್ಲಿ ಹೆಸರಿಸಿದ ಹುದ್ದೆಗಳ ಪಟ್ಟಿಯನ್ನು ಒಮ್ಮೆ ನೋಡದೆ ಬಿಡಬಾರದು.

ಒಂದೇ ಸಲಕ್ಕೆ ಎಲ್ಲವನ್ನೂ ಹಿಡಿಯಲು ಹೋಗದೆ, ಒಂದು ಸಂಸ್ಥೆ, ಒಂದು ಆರ್ಥಿಕ ವರ್ಷ, ಒಂದು ಬಗೆಯ ಶುಲ್ಕ ಎಂದು ವ್ಯಾಪ್ತಿಯನ್ನು ಕಿರಿದಾಗಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಹಣ ಯಾರ ಪುಸ್ತಕದಲ್ಲಿದೆ ಎಂದು ತಿಳಿಯಿರಿ

ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಮೈಸೂರು ಮಹಾನಗರ ಪಾಲಿಕೆಯ ಆಡಳಿತ ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದಡಿ; ನಗರಸಭೆ, ಪುರಸಭೆಗಳಿಗೆ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ; ಗ್ರಾಮ ಪಂಚಾಯಿತಿಗಳಿಗೆ 1993ರ ಅಧಿನಿಯಮ. ಈ ಮೂರರ ಲೆಕ್ಕವೂ ಬೇರೆ ಬೇರೆ. ಆದರೆ ನಮ್ಮ ಊರಿನ ಯೋಜನೆಗೆ ಸಲಹೆಗಾರರನ್ನು ನೇಮಿಸಿದವರು ನಮ್ಮ ಊರಿನ ಸಂಸ್ಥೆಯೇ ಆಗಿರಬೇಕೆಂದೇನೂ ಇಲ್ಲ. ಮೈಸೂರು ನಗರ 2005ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ನಗರ ನವೀಕರಣ ಯೋಜನೆಯಾದ ಜೆನರ್ಮ್‌ಗೆ ಆಯ್ಕೆಯಾಗಿತ್ತು. ನಗರಗಳ ನೀರು, ಒಳಚರಂಡಿಗೆ ಕೇಂದ್ರ ರೂಪಿಸಿದ 2015ರ ಅಮೃತ್ ಯೋಜನೆಯಲ್ಲಿ ಮೈಸೂರು, ಮಂಡ್ಯ ಎರಡೂ ಇದ್ದವು. ಇಂಥ ಯೋಜನೆಗಳಲ್ಲಿ ಬೆಂಗಳೂರಿನ ರಾಜ್ಯಮಟ್ಟದ ಸಂಸ್ಥೆಗಳು, ಉದಾಹರಣೆಗೆ ನಗರ ಮೂಲಸೌಕರ್ಯಕ್ಕೆ ಹಣಕಾಸು ಒದಗಿಸುವ ಕೆಯುಐಡಿಎಫ್‌ಸಿ ಅಥವಾ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಹಲವು ಪಟ್ಟಣಗಳಿಗೆ ಸೇರಿಸಿ ಒಂದೇ ಸಲಹಾ ಕರಾರು ಮಾಡಿಕೊಳ್ಳುವುದುಂಟು. ಹಾಗಾದಾಗ ನಗರಸಭೆಯ ಲೆಕ್ಕದಲ್ಲಿ ಆ ಶುಲ್ಕದ ಸುಳಿವೇ ಇರುವುದಿಲ್ಲ. ‘ನಮ್ಮಲ್ಲಿ ಮಾಹಿತಿ ಲಭ್ಯವಿಲ್ಲ’ ಎಂಬ ಉತ್ತರ ಅಂಥ ಸಂದರ್ಭದಲ್ಲಿ ಸುಳ್ಳಲ್ಲ, ಅಪೂರ್ಣ ಅಷ್ಟೆ.

ಆದ್ದರಿಂದ ಮೊದಲು ಯೋಜನೆಯ ಆಡಳಿತಾತ್ಮಕ ಅನುಮೋದನೆಯ ಆದೇಶವನ್ನು ಪಡೆಯಿರಿ. ಅನುಷ್ಠಾನ ಸಂಸ್ಥೆ ಯಾವುದು ಎಂಬುದು ಅದರಲ್ಲೇ ಬರೆದಿರುತ್ತದೆ. ನಗರ ಸ್ಥಳೀಯ ಸಂಸ್ಥೆಗಳ ಯೋಜನೆಯಾದರೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲಿ ಇದರ ಪ್ರತಿ ಸಿಗುವ ಸಾಧ್ಯತೆ ಹೆಚ್ಚು. ವಿದ್ಯುತ್ ಕಂಪನಿ, ಸಕ್ಕರೆ ಕಾರ್ಖಾನೆ, ನೀರಾವರಿ ನಿಗಮದಂಥ ಸರ್ಕಾರಿ ಕಂಪನಿಗಳ ದಾರಿ ಬೇರೆಯಾದ್ದರಿಂದ ಅದನ್ನು ಕೊನೆಯಲ್ಲಿ ನೋಡೋಣ.

ಮೂರನೆಯ ಹೆಜ್ಜೆ: ಆಯವ್ಯಯದಲ್ಲಿ ಅದು ಅಡಗುವ ಜಾಗಗಳು

ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಜೋಡಿ ನಮೂದಿನ, ಸಂಚಯ ಆಧಾರಿತ (ಹಣ ಕೈಬದಲಾಗುವವರೆಗೆ ಕಾಯದೆ, ಕೊಡಬೇಕಾದಾಗಲೇ ಬರೆದುಕೊಳ್ಳುವ) ಲೆಕ್ಕ ಇಡುತ್ತವೆ. ಇಂಥ ಲೆಕ್ಕಪದ್ಧತಿಗೆ ಮಾದರಿಯಾದ ರಾಷ್ಟ್ರೀಯ ಮುನ್ಸಿಪಲ್ ಲೆಕ್ಕಪತ್ರ ಕೈಪಿಡಿಯಲ್ಲಿ ಆಡಳಿತ ವೆಚ್ಚಕ್ಕೆ 220 ಎಂಬ ಸಂಕೇತವಿದ್ದು, ಅದರೊಳಗೆ ಲೆಕ್ಕಪರಿಶೋಧನಾ ಶುಲ್ಕ, ಕಾನೂನು ವೆಚ್ಚ, ವೃತ್ತಿಪರ ಮತ್ತು ಇತರೆ ಶುಲ್ಕ ಎಂಬ ಪ್ರತ್ಯೇಕ ಸಾಲುಗಳಿವೆ. ಓದುಗರು ಆಯವ್ಯಯ ಪುಸ್ತಕ ತೆರೆದು ಈ ಸಾಲನ್ನು ನೋಡಿ, ಮೊತ್ತ ಸಣ್ಣದಿದೆ ಎಂದು ಸಮಾಧಾನಪಟ್ಟುಕೊಂಡು ಪುಸ್ತಕ ಮುಚ್ಚುತ್ತಾರೆ.

ದೊಡ್ಡ ಮೊತ್ತ ಆ ಸಾಲಿನಲ್ಲಿ ಇರುವುದೇ ಇಲ್ಲ. ಒಂದು ಕಾಮಗಾರಿಗೆ ಸಂಬಂಧಿಸಿದ ಡಿಪಿಆರ್ ಮತ್ತು ಮೇಲ್ವಿಚಾರಣೆಯ ಶುಲ್ಕವನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸುವುದು ಲೆಕ್ಕಶಾಸ್ತ್ರದ ಪ್ರಕಾರ ಸರಿಯಾದ ಕ್ರಮ. ಹಾಗಾಗಿ ಅದು ‘ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿ’ ಎಂಬ 412ನೇ ಶೀರ್ಷಿಕೆಯೊಳಗೆ, ಜಲ್ಲಿ ಸಿಮೆಂಟಿನ ಜೊತೆ ಕರಗಿ ಕೂತಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಓದುವವರಿಗೆ ಅದು ಗೊತ್ತಿರಬೇಕು. ಕಾಮಗಾರಿಯ ಅಂದಾಜು ಪಟ್ಟಿಯ ಕೊನೆಯ ಪುಟದಲ್ಲಿ, ಕಾಮಗಾರಿ ಮೊತ್ತದ ಕೆಳಗೆ, ಶೇಕಡಾವಾರು ಸೇರ್ಪಡೆಗಳ ಒಂದು ಸರಪಳಿಯೇ ಇರುತ್ತದೆ: ಅನಿರೀಕ್ಷಿತ ವೆಚ್ಚ, ಕಟ್ಟಡ ಕಾರ್ಮಿಕರ ಕಲ್ಯಾಣದ ಶೇ 1 ಸೆಸ್, ಗುಣಮಟ್ಟ ಪರೀಕ್ಷೆ, ಥರ್ಡ್ ಪಾರ್ಟಿ ತಪಾಸಣೆ, ಯೋಜನಾ ನಿರ್ವಹಣೆ, ಅನುಷ್ಠಾನ ಸಂಸ್ಥೆಯ ಸೇವಾ ಶುಲ್ಕ. ಈ ಪುಟದ ಪ್ರತಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಒಂದೇ ಬಗೆಯ ಮೇಲ್ವಿಚಾರಣೆಗೆ ಎರಡು ಹೆಸರಿನಲ್ಲಿ ಶೇಕಡಾವಾರು ಸೇರಿದೆಯೇ, ಇಲಾಖೆಯೇ ನೇರವಾಗಿ ಮಾಡಬೇಕಾದ ತಪಾಸಣೆಗೂ ಹೊರಗಿನವರಿಗೆ ಹಣ ಇಟ್ಟಿದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಮಾಹಿತಿ ಹಕ್ಕಿನ ಅರ್ಜಿಯನ್ನು ಬಿಗಿಯಾಗಿ ಬರೆಯಿರಿ

2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪ್ರತಿಗೆ ಪುಟವೊಂದಕ್ಕೆ 2 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂದು ರಾಜ್ಯದ ನಿಯಮ ಹೇಳುತ್ತದೆ. ಈ ಎರಡು ಕಾರಣಗಳಿಗೆ ತಿರಸ್ಕೃತವಾಗುವ ಅರ್ಜಿಗಳನ್ನು ನೋಡಿದರೆ, ಮಿತಿಯೊಳಗೆ ಬರೆಯುವುದೇ ಜಾಣತನ ಎನ್ನಿಸುತ್ತದೆ. ‘ಇಷ್ಟು ಶುಲ್ಕ ಏಕೆ ಕೊಟ್ಟಿರಿ’ ಎಂದು ಕೇಳಬೇಡಿ. ದಾಖಲೆಯಲ್ಲಿರುವುದನ್ನು ಮಾತ್ರ ಕೊಡಲು ಮಾಹಿತಿ ಅಧಿಕಾರಿ ಬದ್ಧರು, ಕಾರಣ ವಿವರಿಸಲು ಅಲ್ಲ. ಕಾರಣ ಬೇಕಿದ್ದರೆ ಕಡತದ ಟಿಪ್ಪಣಿ ಹಾಳೆಗಳನ್ನು ಕೇಳಿ, ಅದು ಅಲ್ಲಿರುತ್ತದೆ. ಅರ್ಜಿಯ ಒಕ್ಕಣೆ ಹೀಗಿರಬಹುದು:

‘2024-25ನೇ ಸಾಲಿನಲ್ಲಿ ಕುಡಿಯುವ ನೀರಿನ ಯೋಜನೆಯ ವಿಸ್ತೃತ ಯೋಜನಾ ವರದಿ ತಯಾರಿಸಲು ನೇಮಿಸಿಕೊಂಡ ಸಲಹಾ ಸಂಸ್ಥೆಗೆ ಸಂಬಂಧಿಸಿದಂತೆ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿಗಳನ್ನು ನೀಡಬೇಕು: ಸಲಹೆಗಾರರ ಅಗತ್ಯವನ್ನು ಪ್ರಸ್ತಾಪಿಸಿದ ಕಡತದ ಟಿಪ್ಪಣಿ ಹಾಳೆಗಳು, ಕಾರ್ಯವ್ಯಾಪ್ತಿಯ ವಿವರ, ಟೆಂಡರ್ ತುಲನಾತ್ಮಕ ಪಟ್ಟಿ ಅಥವಾ ವಿನಾಯಿತಿ ಆದೇಶ, ಕಾರ್ಯಾದೇಶ ಮತ್ತು ಕರಾರು ಪತ್ರ, ಪಾವತಿಸಿದ ಪ್ರತಿ ಬಿಲ್ಲು ಹಾಗೂ ಅದಕ್ಕೆ ಲಗತ್ತಿಸಿದ ಕೆಲಸ ಸ್ವೀಕೃತಿಯ ಪ್ರಮಾಣಪತ್ರ, ಅವಧಿ ವಿಸ್ತರಣೆ ಅಥವಾ ಶುಲ್ಕ ಪರಿಷ್ಕರಣೆಯ ಆದೇಶಗಳು.’

ಕೆಲಸದ ಕಡತ ಎಂಜಿನಿಯರಿಂಗ್ ಶಾಖೆಯಲ್ಲಿರುತ್ತದೆ, ಪಾವತಿ ವೋಚರ್ ಲೆಕ್ಕ ಶಾಖೆಯಲ್ಲಿರುತ್ತದೆ. ಪಾಲಿಕೆಯಂಥ ದೊಡ್ಡ ಕಚೇರಿಯಲ್ಲಿ ಎರಡಕ್ಕೂ ಬೇರೆ ಬೇರೆ ಮಾಹಿತಿ ಅಧಿಕಾರಿಗಳಿರುತ್ತಾರೆ. ಅರ್ಜಿ ತಪ್ಪು ಕಚೇರಿಗೆ ಹೋದರೆ 6(3)ನೇ ಕಲಮಿನ ಪ್ರಕಾರ 5 ದಿನಗಳೊಳಗೆ ಅದನ್ನು ಸರಿಯಾದ ಕಚೇರಿಗೆ ವರ್ಗಾಯಿಸಬೇಕಾದದ್ದು ಅವರ ಹೊಣೆ. ಉತ್ತರಕ್ಕೆ 30 ದಿನಗಳ ಗಡುವು. ಸಲಹಾ ಸಂಸ್ಥೆ ತೃತೀಯ ಪಕ್ಷವಾದ್ದರಿಂದ ಅದರ ಅಭಿಪ್ರಾಯ ಕೇಳಲು ನೋಟಿಸ್ ಕೊಟ್ಟರೆ 40 ದಿನಗಳವರೆಗೆ ಆಗಬಹುದು. ಬಳಿಕ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ವಾಣಿಜ್ಯ ಗೋಪ್ಯತೆಯ ನೆಪ, ಅಂದರೆ 8(1)(ಡಿ) ಕಲಂ, ಇಂಥ ಅರ್ಜಿಗಳಿಗೆ ಸಿದ್ಧ ಉತ್ತರ. ಟೆಂಡರ್ ಪ್ರಕ್ರಿಯೆ ನಡೆಯುತ್ತಿರುವಾಗ ಆ ಕಲಮಿಗೆ ಅರ್ಥವಿದೆ. ಕಾರ್ಯಾದೇಶ ಕೊಟ್ಟು ಸಾರ್ವಜನಿಕ ಹಣ ಪಾವತಿಯಾದ ಮೇಲೆ, ಕೊಟ್ಟ ಮೊತ್ತವನ್ನು ಮುಚ್ಚಿಡುವುದಕ್ಕೆ ಅದು ಆಸರೆಯಾಗದು. ಗೋಪ್ಯವಾದ ತಾಂತ್ರಿಕ ಭಾಗವೇನಾದರೂ ಇದ್ದರೆ 10ನೇ ಕಲಮಿನಂತೆ ಅಷ್ಟನ್ನು ಮರೆಮಾಡಿ ಉಳಿದದ್ದನ್ನು ಕೊಡಬೇಕು. ಮೇಲ್ಮನವಿಯಲ್ಲಿ ಈ ಒಂದು ವಾಕ್ಯ ಬರೆದರೆ ಸಾಕು, ಉದ್ದುದ್ದ ವಾದದ ಅಗತ್ಯವಿಲ್ಲ. ಪುಟಗಳ ಸಂಖ್ಯೆ ಸಾವಿರ ದಾಟುವಂತಿದ್ದರೆ ಪ್ರತಿ ಕೇಳುವ ಮೊದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ, ಬೇಕಾದ ಪುಟಗಳನ್ನು ಗುರುತಿಸಿ, ಅವುಗಳ ಪ್ರತಿ ಮಾತ್ರ ಪಡೆಯಿರಿ.

ಐದನೆಯ ಹೆಜ್ಜೆ: ಅಗತ್ಯ ಮತ್ತು ಆಯ್ಕೆ

ಕಡತ ಕೈಗೆ ಬಂದ ಮೇಲೆ ಮೊದಲು ಓದಬೇಕಾದದ್ದು ಬಿಲ್ಲನ್ನಲ್ಲ, ಅಗತ್ಯದ ಟಿಪ್ಪಣಿಯನ್ನು. ಇಲಾಖೆಯ ಎಂಜಿನಿಯರುಗಳಿಂದ ಈ ಕೆಲಸ ಏಕೆ ಆಗದು ಎಂಬುದಕ್ಕೆ ಅಲ್ಲಿ ಒಂದು ಕಾರಣ ಬರೆದಿರಬೇಕು. ‘ತಾಂತ್ರಿಕ ಸಿಬ್ಬಂದಿಯ ಕೊರತೆ ಇರುವುದರಿಂದ’ ಎಂಬ ಒಂದು ಸಾಲು ಎಲ್ಲ ಕಡತಗಳಲ್ಲೂ ಅಚ್ಚೊತ್ತಿದಂತೆ ಇದ್ದರೆ, ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು ಎಂಬುದನ್ನು ಜೊತೆಗಿಟ್ಟು ನೋಡಿ. ಕನ್ನಂಬಾಡಿ ಕಟ್ಟೆಯ ನಕ್ಷೆಯನ್ನು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು ಮತ್ತು ಅವರ ಇಲಾಖೆಯವರೇ ರೂಪಿಸಿದ ನಾಡು ಇದು ಎಂದು ಭಾಷಣ ಮಾಡುವುದು ಸುಲಭ. ಆದರೆ ಖಾಲಿ ಹುದ್ದೆಗಳ ನಡುವೆ ಮೂರು ವಾರ್ಡುಗಳನ್ನು ಒಬ್ಬರೇ ನೋಡಿಕೊಳ್ಳುವ ಸಹಾಯಕ ಎಂಜಿನಿಯರಿಂದ ಒಳಚರಂಡಿ ಜಾಲದ ಹೈಡ್ರಾಲಿಕ್ ವಿನ್ಯಾಸವನ್ನೂ ನಿರೀಕ್ಷಿಸುವುದು ನ್ಯಾಯವಲ್ಲ. ವಿಶೇಷ ತಜ್ಞತೆ ಬೇಕಾದ, ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಹೊರಗಿನವರನ್ನು ಕರೆಯುವುದು ಸರಿ. ಪ್ರತಿ ವರ್ಷ, ಪ್ರತಿ ವಾರ್ಡಿನ ಚರಂಡಿ, ಫುಟ್‌ಪಾತ್ ಅಂದಾಜು ಪಟ್ಟಿಗೂ ಹೊರಗಿನವರೇ ಬೇಕೆಂದಾದರೆ, ಅಲ್ಲಿ ಹುದ್ದೆ ಭರ್ತಿ ಮಾಡುವುದೇ ಅಗ್ಗ ಎಂಬ ಲೆಕ್ಕವನ್ನು ಯಾರಾದರೂ ಮಾಡಿ ತೋರಿಸಬೇಕು.

ಆಯ್ಕೆಯ ವಿಷಯಕ್ಕೆ ಬಂದರೆ, 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ಎಲ್ಲರೂ ಕೆಟಿಪಿಪಿ ಎಂದು ಕರೆಯುವ ಕಾಯ್ದೆ, ಸೇವೆಗಳ ಖರೀದಿಗೂ ಅನ್ವಯಿಸುತ್ತದೆ. ಟೆಂಡರ್ ಇಲ್ಲದೆ ನೇಮಿಸಿದ್ದರೆ 4ನೇ ಕಲಮಿನ ಯಾವ ವಿನಾಯಿತಿಯಡಿ ಎಂದು ಕಡತದಲ್ಲಿರಲೇಬೇಕು. 4(ಜಿ) ಎಂದಿದ್ದರೆ ಅದಕ್ಕೆ ಸರ್ಕಾರದ ಅಧಿಸೂಚನೆ ಇರಬೇಕು. ಆ ಅಧಿಸೂಚನೆಯ ದಿನಾಂಕ ಕಾರ್ಯಾದೇಶದ ದಿನಾಂಕಕ್ಕಿಂತ ಹಿಂದಿನದೇ, ಮುಂದಿನದೇ ಎಂದು ನೋಡಿ. ಕೆಲಸ ಶುರುವಾದ ಮೇಲೆ ವಿನಾಯಿತಿ ಕೇಳಿದ್ದರೆ ಅದು ಘಟನೋತ್ತರ ಅನುಮೋದನೆ, ಮತ್ತು ಅಂಥದ್ದಕ್ಕೆ ಲೆಕ್ಕಪರಿಶೋಧಕರು ಆಕ್ಷೇಪಿಸುವುದು ಸಹಜ. ಸಣ್ಣ ಮೊತ್ತದ ವಿನಾಯಿತಿಯ ಮಿತಿಯೊಳಗೆ ಬರುವಂತೆ ಒಂದೇ ವರದಿಯನ್ನು ಸಮೀಕ್ಷೆ, ವಿನ್ಯಾಸ, ಅಂದಾಜು ಎಂದು ತುಂಡು ಮಾಡಿ ಒಬ್ಬರಿಗೇ ಮೂರು ಕಾರ್ಯಾದೇಶ ಕೊಟ್ಟಿದ್ದರೆ, ಮೂರರ ದಿನಾಂಕಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ಟೆಂಡರ್ ಕರೆದಿದ್ದರೂ ಅಂಕ ಕೊಡುವ ವಿಧಾನವನ್ನು ನೋಡಬೇಕು. ಗುಣಮಟ್ಟ ಮತ್ತು ದರ ಎರಡನ್ನೂ ತೂಗುವ ಪದ್ಧತಿಯಲ್ಲಿ ಗುಣಮಟ್ಟದ ಪಾಲು ಶೇ 80ನ್ನು ಮೀರಬಾರದೆಂದು ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಹೇಳುತ್ತವೆ. ಅವು ನೇರವಾಗಿ ನಮ್ಮ ನಗರಸಭೆಯನ್ನು ಕಟ್ಟಿಹಾಕದಿದ್ದರೂ ಒಳ್ಳೆಯ ಅಳತೆಗೋಲು. ಈ ಪಾಲು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ನೋಡಿ. ಮೊದಲ ಸಂಸ್ಥೆಗೆ ತಾಂತ್ರಿಕ ಅಂಕ 90, ದರ 60 ಲಕ್ಷ. ಎರಡನೆಯದಕ್ಕೆ ಅಂಕ 78, ದರ 42 ಲಕ್ಷ. ಕನಿಷ್ಠ ದರದವರಿಗೆ ದರದ ಅಂಕ 100, ಇನ್ನೊಬ್ಬರಿಗೆ 42ನ್ನು 60ರಿಂದ ಭಾಗಿಸಿ 100ರಿಂದ ಗುಣಿಸಿದರೆ 70. ಗುಣಮಟ್ಟ ಮತ್ತು ದರದ ತೂಕ 70:30 ಆದರೆ ಮೊದಲನೆಯವರಿಗೆ 84, ಎರಡನೆಯವರಿಗೆ 84.6, ಕಡಿಮೆ ದರದವರು ಗೆಲ್ಲುತ್ತಾರೆ. ತೂಕವನ್ನು 80:20 ಮಾಡಿದರೆ 86 ಮತ್ತು 82.4, ಹೆಚ್ಚು ದರದವರು ಗೆಲ್ಲುತ್ತಾರೆ. ಟೆಂಡರ್ ಪತ್ರದಲ್ಲಿ ಎರಡು ಅಂಕಿ ಬದಲಾದದ್ದಕ್ಕೆ 18 ಲಕ್ಷ ಹೆಚ್ಚುವರಿ. ಸಾಮಾನ್ಯ ರಸ್ತೆಯ ಅಂದಾಜಿಗೆ 80:20 ಬಳಸಿದ್ದರೆ ಏಕೆ ಎಂದು ಕೇಳಲೇಬೇಕು. ಇದನ್ನು ಟೆಂಡರ್ ಪ್ರಕಟವಾದಾಗಲೇ ರಾಜ್ಯದ ಸಾರ್ವಜನಿಕ ಸಂಗ್ರಹಣೆಯ ಕೆಪಿಪಿಪಿ ಜಾಲತಾಣದಲ್ಲಿ ಓದಿ, ಅವಧಿ ಮುಗಿಯುವ ಮೊದಲೇ ಆಯುಕ್ತರಿಗೆ ಬರೆದರೆ ಪರಿಣಾಮ ಹೆಚ್ಚು.

ಆರನೆಯ ಹೆಜ್ಜೆ: ಶುಲ್ಕದ ಆಧಾರವನ್ನು ಪರೀಕ್ಷಿಸಿ

ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಗಮನ ಬೇಡುವ ಜಾಗ ಇದು. ಶುಲ್ಕ ನಿಗದಿಗೆ ಮೂರು ಆಧಾರಗಳು ರೂಢಿಯಲ್ಲಿವೆ: ಯೋಜನಾ ಮೊತ್ತದ ಶೇಕಡಾವಾರು, ಒಟ್ಟು ಗೊತ್ತುಪಡಿಸಿದ ಮೊತ್ತ ಮತ್ತು ತಜ್ಞರು ಕೆಲಸ ಮಾಡಿದ ತಿಂಗಳುಗಳ ಲೆಕ್ಕ.

ಶೇಕಡಾವಾರು ಪದ್ಧತಿ ಸರಳವಾಗಿ ಕಾಣುತ್ತದೆ, ಆದ್ದರಿಂದಲೇ ಅದು ಕಚೇರಿಗಳಿಗೆ ಪ್ರಿಯ. ಅದರ ದೋಷ ಏನೆಂದರೆ ಅಂದಾಜು ಮೊತ್ತ ಹೆಚ್ಚಿದಷ್ಟೂ ಅಂದಾಜು ಮಾಡಿದವರ ಶುಲ್ಕವೂ ಹೆಚ್ಚುತ್ತದೆ. 40 ಕೋಟಿಯ ಯೋಜನೆಗೆ ಶೇ 1.5ರಂತೆ 60 ಲಕ್ಷ. ಪರಿಷ್ಕೃತ ಅಂದಾಜು 52 ಕೋಟಿಗೆ ಏರಿದರೆ ಅದೇ ಶೇಕಡಾವಾರು 78 ಲಕ್ಷವಾಗುತ್ತದೆ. ಪರಿಷ್ಕರಣೆಗೆ ಕಾರಣ ಮೊದಲ ವರದಿಯ ಸಮೀಕ್ಷೆಯಲ್ಲಿ ಬಿಟ್ಟುಹೋದ ಅಂಶವೇ ಆಗಿದ್ದರೆ, ತಾನು ಮಾಡಿದ ಲೋಪಕ್ಕೆ ಸಲಹಾ ಸಂಸ್ಥೆ 18 ಲಕ್ಷ ಹೆಚ್ಚು ಪಡೆದಂತಾಯಿತು. ಆದ್ದರಿಂದ ಕರಾರಿನಲ್ಲಿ ಮೂರು ಷರತ್ತುಗಳನ್ನು ಹುಡುಕಿ: ಶೇಕಡಾವಾರು ಲೆಕ್ಕ ಹಾಕುವುದು ಮೂಲ ಮಂಜೂರಾತಿ ಮೊತ್ತಕ್ಕೋ, ಅಂತಿಮ ಮೊತ್ತಕ್ಕೋ, ಗರಿಷ್ಠ ಮಿತಿ ಇದೆಯೇ, ಸಲಹೆಗಾರರ ಲೋಪದಿಂದ ಬಂದ ಪರಿಷ್ಕರಣೆಯನ್ನು ಶುಲ್ಕವಿಲ್ಲದೆ ಮಾಡಿಕೊಡಬೇಕೆಂಬ ಮಾತು ಇದೆಯೇ. ಶೇಕಡಾವಾರು ಲೆಕ್ಕದೊಳಗೆ ತೆರಿಗೆ, ಭೂಸ್ವಾಧೀನದ ಪರಿಹಾರ, ವಿದ್ಯುತ್ ಕಂಬ ಸ್ಥಳಾಂತರದ ಠೇವಣಿಗಳನ್ನೂ ಸೇರಿಸಿದ್ದಾರೆಯೇ ನೋಡಿ. ಅವುಗಳಿಗೆ ಸಲಹೆಗಾರರ ಶ್ರಮ ಬೇಕಿಲ್ಲ, ಶುಲ್ಕವೂ ಸಲ್ಲದು.

ಒಟ್ಟು ಮೊತ್ತದ ಕರಾರಿನಲ್ಲಿ ಕಂತುಗಳ ಹಂಚಿಕೆ ಮುಖ್ಯ. ಕರಡು ವರದಿ ಸಲ್ಲಿಸಿದ ಕೂಡಲೇ ಮುಕ್ಕಾಲು ಪಾಲು ಹಣ ಹೋಗಿಬಿಟ್ಟರೆ, ಅಂತಿಮ ವರದಿಗಾಗಿ ಕಚೇರಿಯೇ ಸಲಹೆಗಾರರ ಹಿಂದೆ ಅಲೆಯಬೇಕಾಗುತ್ತದೆ. ತಾಂತ್ರಿಕ ಮಂಜೂರಾತಿಯಾದ ಮೇಲೆ ಮತ್ತು ಕಾಮಗಾರಿಯ ಟೆಂಡರ್ ಅಂತಿಮವಾದ ಮೇಲೆ ಕೊಡುವಂತೆ ಗಣನೀಯ ಪಾಲನ್ನು ಉಳಿಸಿಕೊಂಡಿರಬೇಕು.

ತಿಂಗಳ ಲೆಕ್ಕದ ಕರಾರು ಯೋಜನಾ ನಿರ್ವಹಣೆಯಲ್ಲಿ ಸಾಮಾನ್ಯ. ಗುತ್ತಿಗೆದಾರ ಕಾಮಗಾರಿಯನ್ನು ಒಂದು ವರ್ಷ ತಡಮಾಡಿದರೆ ಸಲಹೆಗಾರರ ಅವಧಿಯೂ ಒಂದು ವರ್ಷ ವಿಸ್ತರಣೆಯಾಗುತ್ತದೆ, ಅದರ ಹೊರೆ ನಗರಸಭೆಯ ಮೇಲೆ ಬೀಳುತ್ತದೆ. ಗುತ್ತಿಗೆದಾರನಿಗೆ ವಿಧಿಸಿದ ವಿಳಂಬ ದಂಡ ಈ ಹೆಚ್ಚುವರಿ ಶುಲ್ಕಕ್ಕೆ ಸಾಲುವಷ್ಟಿದೆಯೇ, ಅಥವಾ ದಂಡವಿಲ್ಲದೆ ಅವಧಿ ವಿಸ್ತರಿಸಿ ಶುಲ್ಕವನ್ನು ಮಾತ್ರ ಕೊಟ್ಟಿದ್ದಾರೆಯೇ ಎಂಬುದಕ್ಕೆ ಎರಡೂ ಕಡತಗಳನ್ನು ಒಟ್ಟಿಗೆ ಓದಬೇಕು. ಒಂದರಿಂದ ಇದು ತಿಳಿಯುವುದಿಲ್ಲ. ಟೆಂಡರಿನಲ್ಲಿ ಹೆಸರಿಸಿ ಅಂಕ ಪಡೆದ ಹಿರಿಯ ತಜ್ಞರು ನಿಜವಾಗಿ ಬಂದಿದ್ದಾರೆಯೇ, ಅವರ ಬದಲಿಗೆ ಆಗಷ್ಟೇ ಕಾಲೇಜು ಮುಗಿಸಿದವರನ್ನು ಕಳಿಸಿ ಅದೇ ದರ ಪಡೆದಿದ್ದಾರೆಯೇ ಎಂಬುದಕ್ಕೆ ಹಾಜರಾತಿ ಪುಸ್ತಕ ಮತ್ತು ಬದಲಾವಣೆಗೆ ಕೊಟ್ಟ ಲಿಖಿತ ಅನುಮತಿ ಕೇಳಿ. ವರದಿ ತಯಾರಿಸಿದ ಸಂಸ್ಥೆಯೇ ಅದರ ಗುಣಮಟ್ಟ ತಪಾಸಣೆಯನ್ನೂ ವಹಿಸಿಕೊಂಡಿದ್ದರೆ ಅದು ಹಿತಾಸಕ್ತಿಯ ಘರ್ಷಣೆ ಎಂದು ಬೇರೆ ಹೇಳಬೇಕಿಲ್ಲ.

ಏಳನೆಯ ಹೆಜ್ಜೆ: ಬಿಲ್ಲು ಮತ್ತು ತೆರಿಗೆ

ಬಿಲ್ಲಿನಲ್ಲಿ ಎಲ್ಲರೂ ಕಡೆಗಣಿಸುವ ಸಾಲು ಜಿಎಸ್‌ಟಿ. ಸಲಹಾ ಸೇವೆಗೆ ಸಾಮಾನ್ಯ ದರ ಶೇ 18. ಆದರೆ 2017ರ ಜೂನ್ 28ರ 12ನೇ ಸಂಖ್ಯೆಯ ಕೇಂದ್ರ ತೆರಿಗೆ ದರ ಅಧಿಸೂಚನೆಯ ಮೂರನೆಯ ನಮೂದಿನ ಪ್ರಕಾರ, ಸರಕು ಪೂರೈಕೆ ಇಲ್ಲದ ಶುದ್ಧ ಸೇವೆಯನ್ನು ಸರ್ಕಾರಕ್ಕೆ ಅಥವಾ ಸ್ಥಳೀಯ ಪ್ರಾಧಿಕಾರಕ್ಕೆ, ಸಂವಿಧಾನದ 243ಜಿ ಅಥವಾ 243ಡಬ್ಲ್ಯೂ ವಿಧಿಯಲ್ಲಿ ಪಂಚಾಯಿತಿಗಳಿಗೆ, ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ ಕರ್ತವ್ಯಗಳಿಗಾಗಿ ಕೊಟ್ಟರೆ ತೆರಿಗೆ ಇಲ್ಲ. ನೀರು ಪೂರೈಕೆ, ರಸ್ತೆ, ನಗರ ಯೋಜನೆ ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ನಗರಸಭೆಗೆ ನೀರಿನ ಯೋಜನೆಯ ಡಿಪಿಆರ್ ಮಾಡಿಕೊಟ್ಟ ಸಂಸ್ಥೆ 60 ಲಕ್ಷದ ಮೇಲೆ 10.80 ಲಕ್ಷ ಜಿಎಸ್‌ಟಿ ಹಾಕಿ ಬಿಲ್ಲು ಕೊಟ್ಟಿದ್ದರೆ, ಅದನ್ನು ಏಕೆ ಒಪ್ಪಿದಿರಿ ಎಂದು ಕೇಳಲು ಕಾರಣವಿದೆ. ‘ಎಲ್ಲ ತೆರಿಗೆ ಸೇರಿ’ ಎಂದು ದರ ಪಡೆದಿದ್ದರೆ, ಇಲ್ಲದ ತೆರಿಗೆಯ ಪಾಲು ಸಂಸ್ಥೆಯಲ್ಲೇ ಉಳಿಯುತ್ತದೆ. ಆದ್ದರಿಂದ ತೆರಿಗೆ ಹೊರತುಪಡಿಸಿ ದರ ಕೇಳುವುದು ಉತ್ತಮ. 2022ರ ಜನವರಿ 1ರಿಂದ ಈ ವಿನಾಯಿತಿ ಸರ್ಕಾರಿ ಪ್ರಾಧಿಕಾರಗಳಿಗೆ ಮತ್ತು ಸರ್ಕಾರಿ ಘಟಕಗಳಿಗೆ ಸಿಗುವುದಿಲ್ಲ ಎಂಬುದನ್ನು ಮರೆಯಬಾರದು. ಅದೇ ಕೆಲಸವನ್ನು ಮಂಡಳಿಯೋ ನಿಗಮವೋ ಮಾಡಿಸಿದರೆ ತೆರಿಗೆ ಬೀಳುತ್ತದೆ. ಯಾರ ಹೆಸರಿನಲ್ಲಿ ಕರಾರು ಮಾಡಬೇಕು ಎಂಬ ತೀರ್ಮಾನಕ್ಕೂ ಹೀಗೆ ಒಂದು ಬೆಲೆ ಇದೆ.

ಮೂಲದಲ್ಲಿ ಕಡಿತವಾಗುವ ಆದಾಯ ತೆರಿಗೆ, ವೃತ್ತಿಪರ ಸೇವೆಗೆ ಶೇ 10 ಮತ್ತು ತಾಂತ್ರಿಕ ಸೇವೆಗೆ ಶೇ 2, ಸಂಸ್ಥೆಗೆ ಹೆಚ್ಚುವರಿ ಖರ್ಚಲ್ಲ. ಲೆಕ್ಕ ನೋಡುವಾಗ ಕಡಿತಕ್ಕೆ ಮೊದಲಿನ ಮೊತ್ತವನ್ನೇ ಹಿಡಿಯಿರಿ. ಚೆಕ್ಕಿನ ಮೊತ್ತ ಹಿಡಿದರೆ ಶುಲ್ಕ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಎಂಟನೆಯ ಹೆಜ್ಜೆ: ವಕೀಲರ ಶುಲ್ಕಕ್ಕೆ ಬೇರೆ ಅಳತೆ

ವಕೀಲರ ಬಿಲ್ಲನ್ನು ಪರಿಶೀಲಿಸಲು ಮಾಹಿತಿ ಹಕ್ಕಿನ ಅರ್ಜಿಯೇ ಬೇಕೆಂದಿಲ್ಲ. ಬಿಲ್ಲಿನಲ್ಲಿ ನಮೂದಿಸಿದ ಹಾಜರಾತಿಯ ದಿನಾಂಕಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಹೈಕೋರ್ಟಿನ ಪ್ರಕರಣ ಸ್ಥಿತಿಯ ಪುಟದಲ್ಲಿ ಸಿಗುವ ದಿನವಹಿ ಆದೇಶಗಳೊಂದಿಗೆ ಹೋಲಿಸಬಹುದು. ವಾದ ನಡೆದ ದಿನ ಮತ್ತು ಮುಂದೂಡಿಕೆಯಾದ ದಿನ ಎರಡಕ್ಕೂ ಒಂದೇ ಶುಲ್ಕವೇ ಎಂಬುದು ಕರಾರಿನ ಪ್ರಶ್ನೆ.

ಆದರೆ ಇಲ್ಲಿ ಅಗ್ಗವೇ ಮಿತವ್ಯಯ ಎಂದು ತಿಳಿಯಬಾರದು. ಮಂಡ್ಯದಂಥ ನಾಲಾ ಪ್ರದೇಶದ ಜಿಲ್ಲೆಯಲ್ಲಿ ಭೂಸ್ವಾಧೀನ ಪರಿಹಾರದ ಮೊಕದ್ದಮೆಗಳಿಗೆ ಬರವಿಲ್ಲ. 1894ರ ಭೂಸ್ವಾಧೀನ ಕಾಯ್ದೆಯಡಿಯ ಹಳೆಯ ಪ್ರಕರಣಗಳಲ್ಲಿ ಪರಿಹಾರ ಬಾಕಿಗೆ ಮೊದಲ ವರ್ಷ ಶೇ 9, ನಂತರ ಶೇ 15 ಬಡ್ಡಿ. 2013ರ ಕಾಯ್ದೆಯ 80ನೇ ಕಲಮಿನಲ್ಲೂ ಅದೇ ದರ. ಒಂದು ಕೋಟಿ ಬಾಕಿ ಉಳಿದರೆ ಎರಡನೆಯ ವರ್ಷದಿಂದ ವರ್ಷಕ್ಕೆ 15 ಲಕ್ಷ ಬಡ್ಡಿ. ಮೇಲ್ಮನವಿಯ ಗಡುವು ತಪ್ಪಿಸುವ, ಅಥವಾ ಸೋಲುವುದು ಖಚಿತವಾದ ಪ್ರಕರಣವನ್ನು ಎಳೆದಾಡುವ ಕಡಿಮೆ ಶುಲ್ಕದ ವಕೀಲರಿಗಿಂತ, ರಾಜಿಯಾಗುವುದೇ ಲೇಸೆಂದು ಮೊದಲ ತಿಂಗಳಲ್ಲೇ ಲಿಖಿತವಾಗಿ ಹೇಳುವ ದುಬಾರಿ ವಕೀಲರು ಖಜಾನೆಗೆ ಅಗ್ಗ. ಹೀಗಾಗಿ ಶುಲ್ಕದ ಪಟ್ಟಿಯ ಪಕ್ಕದಲ್ಲಿ ಪ್ರಕರಣದ ಫಲಿತಾಂಶ, ಪಾವತಿಸಿದ ಬಡ್ಡಿ ಎರಡನ್ನೂ ಬರೆಯದೆ ತೀರ್ಮಾನಕ್ಕೆ ಬರಬೇಡಿ.

ಒಂಬತ್ತನೆಯ ಹೆಜ್ಜೆ: ಸಿಕ್ಕ ಮಾಹಿತಿಯನ್ನು ಎಲ್ಲಿ, ಯಾವಾಗ ಎತ್ತಬೇಕು

ಪಾಲಿಕೆ, ನಗರಸಭೆಗಳು ಆಯವ್ಯಯಕ್ಕೆ ಮೊದಲು ಸಾರ್ವಜನಿಕರೊಂದಿಗೆ ಪೂರ್ವಭಾವಿ ಸಭೆ ನಡೆಸುತ್ತವೆ. ಬೀದಿದೀಪ, ಕಸದ ಮಾತಿನ ನಡುವೆ ‘ಕಳೆದ ಮೂರು ವರ್ಷದಲ್ಲಿ ತಯಾರಿಸಿದ ಡಿಪಿಆರ್‌ಗಳ ಪೈಕಿ ಎಷ್ಟು ಕಾಮಗಾರಿಯಾದವು, ಎಷ್ಟು ಕಪಾಟಿನಲ್ಲಿವೆ’ ಎಂಬ ಪಟ್ಟಿಯನ್ನು ಲಿಖಿತವಾಗಿ ಕೇಳಿ, ಅದು ಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಚುನಾಯಿತ ಸದಸ್ಯರಿದ್ದರೆ ಪಾಲಿಕೆಯ ಲೆಕ್ಕಪತ್ರಗಳ ಸ್ಥಾಯಿ ಸಮಿತಿಗೆ ಈ ಕಡತಗಳನ್ನು ತರಿಸಿಕೊಳ್ಳುವುದು ಸುಲಭ. ಕಚೇರಿಯ ಸಿಬ್ಬಂದಿಗೆ ಕರಾರು ನಿರ್ವಹಣೆಯ ತರಬೇತಿ ಬೇಕಿದ್ದರೆ ರಾಜ್ಯ ನಗರಾಭಿವೃದ್ಧಿ ಸಂಸ್ಥೆ, ಆಡಳಿತ ತರಬೇತಿ ಸಂಸ್ಥೆ ಎರಡೂ ಮೈಸೂರಿನಲ್ಲೇ ಇವೆ, ದೂರ ಹೋಗಬೇಕಿಲ್ಲ.

ಕರ್ನಾಟಕ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯ ವರದಿಯಲ್ಲಿ ಆಕ್ಷೇಪಣೆಗೆ ಒಳಪಟ್ಟ ಮೊತ್ತ, ವಸೂಲಾತಿಗೆ ಸೂಚಿಸಿದ ಮೊತ್ತ ಎಂಬ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದು ದಾಖಲೆ ಒದಗಿಸಿದರೆ ತೀರಬಹುದಾದದ್ದು, ಎರಡನೆಯದು ಹಣ ಹಿಂತಿರುಗಿ ಬರಬೇಕಾದದ್ದು. ಸಲಹಾ ಶುಲ್ಕದ ಕಂಡಿಕೆ ಎರಡನೆಯ ಪಟ್ಟಿಯಲ್ಲಿದ್ದರೆ, ಅದಕ್ಕೆ ಕಚೇರಿ ಕೊಟ್ಟ ಅನುಪಾಲನಾ ವರದಿಯನ್ನು, ಅಂದರೆ ಕೈಗೊಂಡ ಕ್ರಮದ ವಿವರವನ್ನು, ಕೇಳಿ.

ಸರ್ಕಾರಿ ಕಂಪನಿಗಳ ವಿಷಯ ಹೇಳುವುದಾಗಿ ಹೇಳಿದ್ದೆ. ಮಂಡ್ಯದ ಮೈಷುಗರ್, ಕಾವೇರಿ ನೀರಾವರಿ ನಿಗಮ, ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಇವೆಲ್ಲ ಕಂಪನಿ ಕಾಯ್ದೆಯಡಿ ವಾರ್ಷಿಕ ಲೆಕ್ಕ ಮಂಡಿಸುತ್ತವೆ. ಲಾಭ-ನಷ್ಟ ಪಟ್ಟಿಯ ಟಿಪ್ಪಣಿಗಳಲ್ಲಿ ಕಾನೂನು ಮತ್ತು ವೃತ್ತಿಪರ ವೆಚ್ಚ ಇರುತ್ತದೆ, ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ಅಭಿಪ್ರಾಯವೂ ಜೊತೆಗಿರುತ್ತದೆ. ವಿದ್ಯುತ್ ಕಂಪನಿಯ ಮಟ್ಟಿಗೆ ಗ್ರಾಹಕರಿಗೆ ಇನ್ನೂ ಒಂದು ಬಾಗಿಲು ತೆರೆದಿದೆ. ದರ ಪರಿಷ್ಕರಣೆಯ ಅರ್ಜಿಯಲ್ಲಿ ಆಡಳಿತ ಮತ್ತು ಸಾಮಾನ್ಯ ವೆಚ್ಚದ ಕೋಷ್ಟಕವಿದ್ದು, ಅದರೊಳಗೆ ಕಾನೂನು, ಸಲಹಾ, ಲೆಕ್ಕಪರಿಶೋಧನಾ ಶುಲ್ಕಗಳು ವರ್ಷವಾರು ಇರುತ್ತವೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಪ್ರಕಟಣೆಯಲ್ಲಿ ಹೇಳಿದ ದಿನದೊಳಗೆ ಯಾವ ಗ್ರಾಹಕರಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಕಂಪನಿ ಅದಕ್ಕೆ ಉತ್ತರಿಸಬೇಕು.

ದುರುದ್ದೇಶದ ಸ್ಪಷ್ಟ ಕುರುಹು ದಾಖಲೆಯಲ್ಲೇ ಇದ್ದರೆ ಮಾತ್ರ ಲೋಕಾಯುಕ್ತರಿಗೆ ದೂರು ಕೊಡಿ. ನಿಗದಿತ ನಮೂನೆ ಮತ್ತು ಪ್ರಮಾಣಪತ್ರ (ಅಫಿಡವಿಟ್) ಬೇಕು. ಆರೋಪಕ್ಕೆ ಸಂಬಂಧಿಸಿದ ಕೃತ್ಯ ನಡೆದು ಐದು ವರ್ಷ ಮೀರಿರಬಾರದು. ಬರಿಯ ಅನುಮಾನವನ್ನು ಆರೋಪವಾಗಿ ಬರೆಯದೆ, ಕಾರ್ಯಾದೇಶ, ಬಿಲ್ಲು, ಸ್ವೀಕೃತಿ ಪ್ರಮಾಣಪತ್ರಗಳ ದೃಢೀಕೃತ ಪ್ರತಿಗಳಿಗೆ ಪುಟಸಂಖ್ಯೆ ಹಾಕಿ, ದೂರಿನ ಪ್ರತಿ ವಾಕ್ಯದ ಎದುರು ಅದಕ್ಕೆ ಆಧಾರವಾದ ಪುಟವನ್ನು ನಮೂದಿಸಿ ಲಗತ್ತಿಸಬೇಕು.